ಹಿಂದಿನ ಚಕ್ರದ ಆಯಿಲ್ ಸೀಲ್ ಪದೇ ಪದೇ ಹೋಗುತ್ತಿದೆ, ಆಕ್ಸಲ್ಲೇ ಬದಲಿಸಬೇಕೆ?

ಪ್ರಶ್ನೆ: ಮೂಡಿಗೆರೆ ಕಡೆಯವನು. ಏಳು ವರ್ಷದ ಡೀಸೆಲ್ ಪಿಕಪ್ ಇದೆ. ಹಿಂದೆ ಪಾಟಾ (ಪಟ್ಟಿ ಸ್ಪ್ರಿಂಗ್), ಡ್ರಮ್ ಬ್ರೇಕ್. ಕಾಫಿ ಮೂಟೆ, ಗೊಬ್ಬರ, ಸಿಮೆಂಟು ಎಲ್ಲ ಸಾಗಿಸುತ್ತೇನೆ, ಚಾರ್ಮಾಡಿ ಘಾಟಿಯಲ್ಲಿ ಓಡಾಟ ಜಾಸ್ತಿ. ಬಲಗಡೆ ಹಿಂದಿನ ಚಕ್ರದಲ್ಲಿ ಆಯಿಲ್ ಸೋರಿ ಬ್ರೇಕ್ ಶೂ ನೆನೆಯುತ್ತದೆ. ವರ್ಷದೊಳಗೆ ಮೂರು ಸಲ ಸೀಲ್ ಹಾಕಿಸಿದೆ. ಪ್ರತಿ ಸಲ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುತ್ತಾರೆ. ಎರಡು ಮೂರು ತಿಂಗಳಿಗೆ ಅದೇ ಕಥೆ. ಈಗ 40 ಕಿ.ಮೀ. ವೇಗ ದಾಟಿದರೆ ಹಿಂದಿನಿಂದ ಗುಂಯ್ ಎನ್ನುವ ಶಬ್ದ, ಎಡಕ್ಕೆ ತಿರುಗುವಾಗ ಜೋರು. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ. ಮುಂದಿನ ಪ್ಯಾಡ್‌ಗಳೂ ಬೇಗ ಸವೆಯುತ್ತಿವೆ. ಲೋಡಿಗೆಂದು ಎರಡು ಪಾಟಾ ಹೆಚ್ಚಿಗೆ ಹಾಕಿಸಿದ್ದೇನೆ. ಮೆಕ್ಯಾನಿಕ್ ಈಗ ಪೂರ್ತಿ ಆಕ್ಸಲ್ ಬದಲಿಸಿ ಎನ್ನುತ್ತಿದ್ದಾರೆ. ಬೇಕೇ?

ಉತ್ತರ: ಈಗಲೇ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಪೂರ್ತಿ ಆಕ್ಸಲ್ ಬದಲಿಸುವಂಥದ್ದು ಯಾವುದೂ ಕಾಣುತ್ತಿಲ್ಲ. ಆದರೆ ಬಲಗಡೆಯ ಬೇರಿಂಗ್ ಬಿಚ್ಚಿ ನೋಡುವವರೆಗೆ ಲೋಡ್ ಹಾಕಿಕೊಂಡು ಘಾಟಿ ಇಳಿಯಬೇಡಿ. ಖಾಲಿ ಗಾಡಿಯನ್ನು ನಿಧಾನವಾಗಿ ವರ್ಕ್‌ಶಾಪಿಗೆ ಒಯ್ಯುವುದಷ್ಟೇ.

ಅಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ನಿಮ್ಮ ಗಾತ್ರದ ಪಿಕಪ್‌ಗಳಲ್ಲಿ ಹೆಚ್ಚಾಗಿ ಇರುವುದು ಸೆಮಿ ಫ್ಲೋಟಿಂಗ್ ಆಕ್ಸಲ್. ಲಾರಿಗಳದ್ದು ಫುಲ್ ಫ್ಲೋಟಿಂಗ್: ಅಲ್ಲಿ ಚಕ್ರದ ಹಬ್ ಎರಡು ಬೇರಿಂಗ್‌ಗಳ ಮೇಲೆ ಹೌಸಿಂಗ್‌ನ, ಅಂದರೆ ಆಕ್ಸಲ್ಲಿನ ಹೊರಕವಚದ, ತುದಿಯಲ್ಲಿ ಕೂತಿರುತ್ತದೆ, ಒಳಗಿನ ಶಾಫ್ಟ್ ಬರೀ ತಿರುಗಿಸುವ ಕೆಲಸ ಮಾಡುತ್ತದೆ. ಶಾಫ್ಟ್ ಹೊರಗೆ ಎಳೆದರೂ ಚಕ್ರ ನಿಂತೇ ಇರುತ್ತದೆ. ಸೆಮಿ ಫ್ಲೋಟಿಂಗ್‌ನಲ್ಲಿ ಹಾಗಲ್ಲ. ಚಕ್ರ ಶಾಫ್ಟಿನ ತುದಿಗೇ ಬೋಲ್ಟ್ ಆಗಿರುತ್ತದೆ. ಲೋಡನ್ನು ಹೊರುವುದೂ ಅದೇ, ತಿರುಗುವುದೂ ಅದೇ. ಶಾಫ್ಟ್ ಆಚೆ ಬಾರದಂತೆ ತಡೆಯುವುದು ಹೊರತುದಿಯ ಒಂದು ಬೇರಿಂಗ್ ಮತ್ತು ಅದರ ಹಿಂದೆ ಬಿಗಿಯಾಗಿ ಪ್ರೆಸ್ ಮಾಡಿದ ಒಂದು ಉಕ್ಕಿನ ಕಾಲರ್. ಬೇರಿಂಗ್ ಪುಡಿಯಾಗಿ ಕಾಲರ್ ಸಡಿಲಾದರೆ ಚಕ್ರ, ಡ್ರಮ್, ಶಾಫ್ಟ್ ಮೂರೂ ಒಟ್ಟಿಗೆ ಹೊರಬರುತ್ತವೆ. ನಿಮ್ಮ ಗಾಡಿಯದ್ದು ಯಾವ ಬಗೆ ಎಂದು ಹೊರಗಿನಿಂದಲೇ ತಿಳಿಯಬಹುದು: ಚಕ್ರದ ನಡುವಿನಿಂದ ದಪ್ಪ ಹಬ್ ಮುಂದೆ ಚಾಚಿಕೊಂಡು, ಅದರ ಮುಖದ ಮೇಲೆ ಸುತ್ತ ಬೋಲ್ಟ್‌ಗಳಿದ್ದರೆ ಫುಲ್ ಫ್ಲೋಟಿಂಗ್. ನಡುವೆ ಏನೂ ಚಾಚದೆ ವೀಲ್ ನಟ್‌ಗಳಷ್ಟೇ ಇದ್ದರೆ ಸೆಮಿ.

ಬಿಚ್ಚುವ ಮೊದಲು ಸೋರುತ್ತಿರುವುದು ಯಾವ ಆಯಿಲ್ ಎಂದು ಖಚಿತ ಮಾಡಿಕೊಳ್ಳಿ. ಡ್ರಮ್ಮಿನೊಳಗೆ ಒದ್ದೆ ಕಂಡರೆ ಸಾಕು, ಆಯಿಲ್ ಸೀಲ್ ಎಂದು ತೀರ್ಮಾನಿಸಿಬಿಡುವುದು ನಮ್ಮಲ್ಲಿ ರೂಢಿ. ಅಲ್ಲೇ ಮೇಲುಗಡೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಇದೆ, ಅದೂ ಸೋರುತ್ತದೆ. ಡ್ರಮ್ಮಿನ ಹಿಂಬದಿಯ ಬ್ಯಾಕ್ ಪ್ಲೇಟಿನ ತಳದಿಂದ ಒಂದು ಹನಿ ಬೆರಳಿಗೆ ತೆಗೆದುಕೊಂಡು ನೀರಿರುವ ಗಾಜಿನ ಲೋಟಕ್ಕೆ ಬಿಡಿ. ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಬೆರೆತು ಮಾಯವಾಗುತ್ತದೆ. ಗೇರ್ ಆಯಿಲ್, ಅಂದರೆ ಅಂಗಡಿಯಲ್ಲಿ 90 ನಂಬರ್ ಎಂದು ಕೇಳಿ ತರುವುದು, ಮೇಲೆ ತೇಲುತ್ತದೆ. ಮೂಸಿದರೂ ಗೊತ್ತಾಗುತ್ತದೆ, ಅದಕ್ಕೆ ಗಂಧಕದ ಘಾಟು ಇರುತ್ತದೆ. ಇದು ಅರ್ಧ ನಿಮಿಷದ ಕೆಲಸ. ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನೂ ಮೆಲ್ಲಗೆ ಎತ್ತಿ ನೋಡಿ. ಒಳಗೆ ತೇವ ಒಸರುತ್ತಿದ್ದರೆ ಅದರ ಆಯುಷ್ಯವೂ ಮುಗಿದಿದೆ. ಎರಡೂ ಒಟ್ಟಿಗೆ ಸೋರುವ ಗಾಡಿಗಳೂ ಇವೆ.

ಗುಂಯ್ ಶಬ್ದದ ಬಗ್ಗೆ ನೀವು ಕೊಟ್ಟ ಒಂದು ವಿವರ ಬಹಳ ಉಪಯೋಗದ್ದು: ಎಡಕ್ಕೆ ತಿರುಗುವಾಗ ಜೋರಾಗುತ್ತದೆ ಎಂಬುದು. ಎಡ ತಿರುವಿನಲ್ಲಿ ಗಾಡಿಯ ಭಾರ ಬಲಗಡೆಗೆ ವಾಲುತ್ತದೆ. ಆಗ ಶಬ್ದ ಏರಿದರೆ ಬೆರಳು ತೋರುವುದು ಬಲಗಡೆಯ ಬೇರಿಂಗ್ ಕಡೆಗೆ. ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಶಬ್ದ ಬರುವ ವೇಗದಲ್ಲಿ ನ್ಯೂಟ್ರಲ್ ಮಾಡಿ ಬಿಡಿ. ಇಂಜಿನ್ ಇಳಿದರೂ ಶಬ್ದ ಹಾಗೇ ಉಳಿದು ಗಾಡಿಯ ವೇಗದ ಜೊತೆ ಮಾತ್ರ ಇಳಿದರೆ ಬೇರಿಂಗ್ ಅಥವಾ ಟೈರು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಎಂದಾದರೆ ಅದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ನಿನ ಕಥೆ, ಖರ್ಚು ಬೇರೆಯೇ. ಟೈರಿನ ಅನುಮಾನವಿದ್ದರೆ ರಸ್ತೆ ಬದಲಾದಾಗ ಗಮನಿಸಿ: ಕಾಂಕ್ರೀಟಿನಿಂದ ಡಾಂಬರಿಗೆ ಇಳಿದಾಗ ಟೈರಿನ ಸದ್ದು ಬದಲಾಗುತ್ತದೆ, ಬೇರಿಂಗಿನದ್ದು ಬದಲಾಗುವುದಿಲ್ಲ.

ಸೀಲ್ ಯಾಕೆ ಪದೇ ಪದೇ ಹೋಗುತ್ತದೆ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಹೊಸ ಸೀಲ್ ಮೂರು ತಿಂಗಳಲ್ಲಿ ಹಾಳಾಗುವಷ್ಟು ದುರ್ಬಲ ವಸ್ತುವಲ್ಲ. ಅದನ್ನು ಬೇರೆ ಏನೋ ಕೊಲ್ಲುತ್ತಿದೆ.

ಮೊದಲು ನೋಡಬೇಕಾದದ್ದು ಬ್ರೀದರ್. ಆಕ್ಸಲ್ ಹೌಸಿಂಗ್ ಮೇಲೆ ಹೆಬ್ಬೆರಳಿನ ತುದಿಯಷ್ಟು ದೊಡ್ಡ ಲೋಹದ ಟೋಪಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೊಂದು ಪೈಪ್ ಸಿಕ್ಕಿಸಿ ಚಾಸಿಯ ಎತ್ತರಕ್ಕೆ ಒಯ್ದಿರುತ್ತಾರೆ. ಗಾಡಿ ಓಡಿದಾಗ ಒಳಗಿನ ಆಯಿಲ್, ಗಾಳಿ ಎರಡೂ ಕಾಯುತ್ತವೆ. ಹಿಗ್ಗಿದ ಗಾಳಿ ಹೊರಹೋಗಲು ಇರುವ ದಾರಿ ಇದೊಂದೇ. ಮಲೆನಾಡಿನ ಮಳೆಗಾಲದ ಕೆಸರು ಅದರ ಮೇಲೆ ಕೂತು ಒಣಗಿದರೆ ಕುಕ್ಕರಿನ ವೆಯ್ಟ್ ಕಚ್ಚಿಕೊಂಡಂತೆ. ಒತ್ತಡ ಏರಿ, ಯಾವ ಸೀಲ್ ಹೆಚ್ಚು ಮೆತ್ತಗಿದೆಯೋ ಅದರ ತುಟಿಯಿಂದ ಆಯಿಲ್ ಹೊರಬರುತ್ತದೆ. ಟೋಪಿಯನ್ನು ಬೆರಳಿನಿಂದ ಅಲ್ಲಾಡಿಸಿ, ಸಡಿಲವಾಗಿ ತಿರುಗಬೇಕು. ತಿರುಗದಿದ್ದರೆ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಗಾಳಿ ಊದಿ ದಾರಿ ಇದೆಯೇ ನೋಡಿ. ಅನುಮಾನ ಉಳಿದರೆ ವರ್ಕ್‌ಶಾಪ್ ತಲುಪಿ ನಿಲ್ಲಿಸಿದ ಕೂಡಲೇ, ಡಿಫರೆನ್ಷಿಯಲ್‌ನ ಆಯಿಲ್ ತುಂಬುವ ಪ್ಲಗ್ಗನ್ನು ನಿಧಾನವಾಗಿ ಸಡಿಲಿಸಿ. ಮುಖ ದೂರ ಇರಲಿ, ಆಯಿಲ್ ಬಿಸಿ ಇರುತ್ತದೆ. ಉಸ್ಸ್ ಎಂದು ಗಾಳಿ ಬಿಟ್ಟರೆ ಕಳ್ಳ ಸಿಕ್ಕಂತೆ.

ಅದೇ ಪ್ಲಗ್ ಬಿಚ್ಚಿದಾಗ ಆಯಿಲ್ ಮಟ್ಟವನ್ನೂ ನೋಡಿ. ಸಮತಟ್ಟಾದ ಜಾಗದಲ್ಲಿ ಆಯಿಲ್ ತೂತಿನ ಕೆಳ ಅಂಚಿಗೆ ತಾಕುವಷ್ಟಿದ್ದರೆ ಸರಿ. ಸೋರುತ್ತದಲ್ಲ, ಇರಲಿ ಎಂದು ಜಾಕ್ ಮೇಲೆ ವಾಲಿಸಿ ಅರ್ಧ ಲೀಟರ್ ಜಾಸ್ತಿ ತುಂಬುವವರಿದ್ದಾರೆ. ಆ ಜಾಸ್ತಿಯದ್ದೇ ಸೀಲಿನ ಆಚೆ ಹೋಗುತ್ತದೆ.

ಹೀಗೆಂದರೂ ನಿಮ್ಮ ಗಾಡಿಯಲ್ಲಿ ಬ್ರೀದರ್ ಒಂದೇ ಅಪರಾಧಿ ಎಂದು ನನಗನಿಸುವುದಿಲ್ಲ. ನಾವು ಓಡಿಸುವುದು ರಸ್ತೆಯ ಎಡಭಾಗದಲ್ಲಿ. ನೀರು ಹರಿಯಲೆಂದು ರಸ್ತೆ ಎಡಕ್ಕೆ ತುಸು ಇಳಿಜಾರಾಗಿರುತ್ತದೆ, ಆಕ್ಸಲ್ ಒಳಗಿನ ಆಯಿಲ್ ಕೂಡ ಎಡಕ್ಕೇ ಹರಿಯುತ್ತದೆ. ಒತ್ತಡ ಅಥವಾ ಹೆಚ್ಚಾದ ಆಯಿಲ್ ಮಾತ್ರ ಕಾರಣವಾಗಿದ್ದರೆ ಎಡಗಡೆಯೂ ಸ್ವಲ್ಪವಾದರೂ ಒದ್ದೆಯಾಗಬೇಕಿತ್ತು. ಮೂರು ಸಲವೂ ಬಲಗಡೆಯೇ ಸೋರಿದೆ, ಶಬ್ದವೂ ಅಲ್ಲೇ. ಅಂದರೆ ಬಲಗಡೆಯ ಬೇರಿಂಗ್ ಸವೆದು ಶಾಫ್ಟ್ ಮೇಲೆ ಕೆಳಗೆ ಕುಣಿಯುತ್ತಿದೆ. ಕುಣಿಯುವ ಶಾಫ್ಟಿಗೆ ಯಾವ ಸೀಲೂ ಅಂಟಿಕೊಂಡು ನಿಲ್ಲುವುದಿಲ್ಲ. ಮೂರು ಸಲ ಶಾಫ್ಟ್ ಎಳೆದಿದ್ದಾರೆ, ಬೇರಿಂಗ್ ಮುಟ್ಟಿಲ್ಲ ಎಂದು ನನ್ನ ಊಹೆ. ಸೀಲ್ ಬದಲಿಸಲು ಕೈ ಸಾಕು, ಬೇರಿಂಗ್‌ಗೆ ಪ್ರೆಸ್ ಬೇಕಲ್ಲ.

ಪರೀಕ್ಷಿಸುವುದು ಹೀಗೆ. ನಿಮ್ಮ ಹ್ಯಾಂಡ್ ಬ್ರೇಕ್ ನಿಲ್ಲುವುದಿಲ್ಲ, ಹಾಗಾಗಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟೇ ಜಾಕ್ ಏರಿಸಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಜಾಕ್ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಕಟಕಟ ಎಂದರೆ ಬೇರಿಂಗ್‌ನಲ್ಲಿ ಆಟ ಬಂದಿದೆ. ಆಮೇಲೆ ಪಾಟಾದ ಮೇಲೆ ಬೆರಳಿಟ್ಟುಕೊಂಡು ಇನ್ನೊಬ್ಬರಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಒರಟು ನಡುಕ ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಶಾಫ್ಟ್ ಹೊರಬಂದ ಮೇಲೆ, ಸೀಲಿನ ತುಟಿ ಉಜ್ಜುವ ಜಾಗವನ್ನು ಒರೆಸಿ ಉಗುರನ್ನು ಉದ್ದಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ ಎಂದರ್ಥ. ಹಳೆಯ ಸೀಲಿನ ತುಟಿಗೆ ಸಿಕ್ಕ ಮಣ್ಣು ಉಕ್ಕನ್ನು ಕೂಡ ಕೊರೆಯುತ್ತದೆ. ಆ ಗೀರಿನ ಮೇಲೇ ಹೊಸ ಸೀಲ್ ಕೂತರೆ ಮೊದಲ ದಿನದಿಂದಲೇ ಸೋರಿಕೆ. ಗೀರು ತೆಳುವಾಗಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ ತುಟಿಗೆ ಹೊಸ ಜಾಗ ಕೊಡಬಹುದು, ಹೌಸಿಂಗ್‌ನಲ್ಲಿ ಅಷ್ಟು ಜಾಗವಿದ್ದರೆ. ಆಳವಾಗಿದ್ದರೆ ಶಾಫ್ಟ್ ಮೇಲೆ ತೆಳು ಉಕ್ಕಿನ ಸ್ಲೀವ್ ಹಾಕಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಎಮರಿ ಪೇಪರ್‌ನಲ್ಲಿ ಉಜ್ಜಿ ಸಪಾಟು ಮಾಡುತ್ತೇನೆ ಎನ್ನುವವರಿಗೆ ಬೇಡ ಎನ್ನಿ.

ಬೇರಿಂಗ್ ಬಿಚ್ಚುವಾಗ ಹಳೆಯ ಕಾಲರ್‌ಗೆ ಗ್ಯಾಸ್ ಕಟರ್ ಹಿಡಿಯಬಾರದು. ಶಾಫ್ಟ್ ಹದ ಮಾಡಿದ ಉಕ್ಕು, ಕಾಯಿಸಿದ ಜಾಗದಲ್ಲಿ ಆ ಹದ ಹೋಗಿ ಮುಂದೊಂದು ದಿನ ಅಲ್ಲೇ ಮುರಿಯಬಹುದು. ಕಾಲರ್‌ಗೆ ಅರ್ಧ ಆಳ ಡ್ರಿಲ್ ಮಾಡಿ, ಉಳಿ ಇಟ್ಟು ಹೊಡೆದರೆ ಸೀಳಿ ಬಿಡುತ್ತದೆ. ಹೊಸ ಬೇರಿಂಗ್ ಜೊತೆಗೆ ಹೊಸ ಕಾಲರ್ ಕಡ್ಡಾಯ. ಒಮ್ಮೆ ಬಿಚ್ಚಿದ ಕಾಲರ್‌ಗೆ ಮೊದಲಿನ ಹಿಡಿತ ಇರುವುದಿಲ್ಲ, ಆ ಹಿಡಿತವೇ ನಿಮ್ಮ ಚಕ್ರವನ್ನು ಗಾಡಿಯಲ್ಲಿ ಉಳಿಸುವುದು. ಹೈಡ್ರಾಲಿಕ್ ಪ್ರೆಸ್‌ನಲ್ಲಿ ಬೇರಿಂಗ್‌ನ ಒಳ ಬಳೆಯನ್ನು ಮಾತ್ರ ಒತ್ತಬೇಕು. ಹೊರ ಬಳೆ ಒತ್ತಿದರೆ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದು ಹೊಸ ಬೇರಿಂಗೇ ಗುಂಯ್ಗುಡಲು ಶುರುಮಾಡುತ್ತದೆ. ಸೀಲ್ ಕೂರಿಸುವಾಗ ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೆ ಇರಲಿ, ತುಟಿಗೆ ಸ್ವಲ್ಪ ಗ್ರೀಸ್ ಸವರಿ, ಅಷ್ಟೇ ಅಗಲದ ಪೈಪ್ ತುಂಡಿಟ್ಟು ಸಮನಾಗಿ ಒಳಗಿಳಿಸಿ. ಸುತ್ತಿಗೆಯಲ್ಲಿ ಒಂದೊಂದು ಬದಿ ಬಡಿದರೆ ಸೀಲ್ ಓರೆಯಾಗುತ್ತದೆ. ಶಾಫ್ಟನ್ನು ಮತ್ತೆ ಒಳತಳ್ಳುವಾಗ ಅದರ ಭಾರವನ್ನು ಎತ್ತಿ ಹಿಡಿದೇ ತಳ್ಳಬೇಕು. ಶಾಫ್ಟಿನ ತುದಿಯ ಹಲ್ಲುಗಳು ಸೀಲಿನ ಮೇಲೆ ಉಜ್ಜಿಕೊಂಡು ಹೋದರೆ ತುಟಿ ಹರಿದು ಇಷ್ಟೆಲ್ಲ ಕೆಲಸ ದಂಡ.

ಈಗ ಬ್ರೇಕ್. ಗೇರ್ ಆಯಿಲ್ ಕುಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದರೂ, ಬೆಂಕಿ ಹಚ್ಚಿ ಸುಟ್ಟರೂ ಪ್ರಯೋಜನವಿಲ್ಲ. ಶೂ ಮೇಲಿನ ಲೈನರ್ ಒಳಗೆಲ್ಲ ಸಣ್ಣ ರಂಧ್ರಗಳಿವೆ. ಮೇಲೆ ಒಣಗಿದಂತೆ ಕಂಡರೂ ಆಯಿಲ್ ಒಳಗೇ ಇರುತ್ತದೆ, ಘಾಟಿಯಲ್ಲಿ ಡ್ರಮ್ ಕಾದಾಗ ಮತ್ತೆ ಮೇಲಕ್ಕೆ ಬರುತ್ತದೆ. ನಿಮಗೆ ಬ್ರೇಕ್ ತೀರಾ ಬೇಕಾದ ಹೊತ್ತಿನಲ್ಲೇ ಅದು ಜಾರುತ್ತದೆ. ಬಲಗಡೆ ಜಾರಿದಾಗ ಎಡಗಡೆಯೊಂದೇ ಹಿಡಿಯುತ್ತದೆ, ಅದಕ್ಕೇ ಗಾಡಿ ಎಡಕ್ಕೆ ಎಳೆಯುತ್ತಿರುವುದು. ಹೊಸ ಶೂಗಳನ್ನು ಎರಡೂ ಚಕ್ರಕ್ಕೆ ಒಟ್ಟಿಗೆ, ಒಂದೇ ಕಂಪನಿಯದ್ದನ್ನು ಹಾಕಿಸಿ. ಒಂದೇ ಕಡೆ ಹಾಕಿದರೆ ಎಳೆತ ಉಳಿಯುತ್ತದೆ, ದಿಕ್ಕು ಬೇಕಾದರೆ ಬದಲಾದೀತು. ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ, ಆ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಡ್ರಮ್ ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತುವ ಮೊದಲು ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳನ್ನು ಹುಡುಕಿ. ಬಹುತೇಕ ಡ್ರಮ್‌ಗಳಲ್ಲಿ ಇರುತ್ತವೆ. ಅವುಗಳಲ್ಲಿ ಬೋಲ್ಟ್ ತಿರುಗಿಸುತ್ತ ಹೋದರೆ ಡ್ರಮ್ ತಾನೇ ಹೊರಬರುತ್ತದೆ. ಎಷ್ಟು ವ್ಯಾಸದವರೆಗೆ ಲೇತ್ ಹಿಡಿಸಬಹುದು ಎಂಬ ಗರಿಷ್ಠ ಅಳತೆಯನ್ನು ಡ್ರಮ್ಮಿನ ಮೇಲೇ ಎರಕ ಹೊಯ್ದಿರುತ್ತಾರೆ. ಅದನ್ನು ದಾಟಿದ್ದರೆ ಹೊಸದು.

ಹ್ಯಾಂಡ್ ಬ್ರೇಕ್ ನಿಲ್ಲದ್ದಕ್ಕೆ ಆಯಿಲ್ ಅರ್ಧ ಕಾರಣ. ಇನ್ನರ್ಧ ಅಡ್ಜಸ್ಟರ್ ಇರಬಹುದು. ನಕ್ಷತ್ರದ ಹಲ್ಲಿನ ಆ ಚಿಕ್ಕ ಸ್ಕ್ರೂ ಎಡಗಡೆಗೊಂದು, ಬಲಗಡೆಗೊಂದು ಬೇರೆ ಬೇರೆ. ಥ್ರೆಡ್ ವಿರುದ್ಧ ದಿಕ್ಕಿನಲ್ಲಿರುತ್ತದೆ. ಎರಡೂ ಡ್ರಮ್ ಒಟ್ಟಿಗೆ ಬಿಚ್ಚಿ ಅದಲು ಬದಲು ಕೂರಿಸಿದರೆ, ಬಿಗಿಯಾಗಬೇಕಾದದ್ದು ಪ್ರತಿ ಬ್ರೇಕಿಗೂ ಸಡಿಲವಾಗುತ್ತ ಹೋಗುತ್ತದೆ. ಮೊದಲು ಶೂ ಹೊಂದಿಸಿ, ಕೇಬಲ್‌ಗೆ ಕೈ ಹಾಕುವುದು ಕೊನೆಗೆ. ಕೇಬಲ್ ಎಳೆದು ಕಟ್ಟಿ ಹ್ಯಾಂಡ್ ಬ್ರೇಕ್ ಸರಿಮಾಡಿಕೊಟ್ಟರೆ ಶೂಗಳು ಸದಾ ಉಜ್ಜಿಕೊಂಡು ಡ್ರಮ್ ಸುಡುತ್ತದೆ.

ಇನ್ನು ನೀವು ಕೇಳದೇ ಇರುವ, ನನಗೆ ಇಡೀ ಪತ್ರದಲ್ಲಿ ಹೆಚ್ಚು ಭಯ ಹುಟ್ಟಿಸಿದ ಸಂಗತಿ: ಹೆಚ್ಚಿಗೆ ಹಾಕಿಸಿದ ಎರಡು ಪಾಟಾ. ನಿಮ್ಮಂಥ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಮೇಲ್ಭಾಗದಲ್ಲಿ ಚಾಸಿಗೆ ಒಂದು ವಾಲ್ವ್ ಬಿಗಿದಿರುತ್ತದೆ, ಅದರಿಂದ ಒಂದು ಸರಳು ಅಥವಾ ಸ್ಪ್ರಿಂಗ್ ಆಕ್ಸಲ್‌ಗೆ ಕೂಡಿರುತ್ತದೆ. ಲೋಡ್ ಬಿದ್ದಂತೆ ಚಾಸಿ ಕೆಳಗಿಳಿಯುತ್ತದೆ, ಸರಳು ಸರಿಯುತ್ತದೆ, ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ, ಇಲ್ಲವಾದರೆ ಹಗುರವಾದ ಹಿಂದಿನ ಚಕ್ರಗಳು ಲಾಕ್ ಆಗಿ ಗಾಡಿ ಗಿರ್ರನೆ ತಿರುಗೀತು. ಆ ವಾಲ್ವ್‌ಗೆ ತೂಕ ಗೊತ್ತಾಗುವುದಿಲ್ಲ, ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ಮಾತ್ರ ಗೊತ್ತು. ನೀವು ಪಾಟಾ ಸೇರಿಸಿದಿರಿ. ಪೂರ್ತಿ ಲೋಡ್ ಹಾಕಿದರೂ ಗಾಡಿ ಮೊದಲಿನಷ್ಟು ಕೂರುವುದಿಲ್ಲ. ವಾಲ್ವ್ ಗಾಡಿ ಅರೆಖಾಲಿ ಇದೆ ಎಂದುಕೊಂಡು ಹಿಂದಿನ ಬ್ರೇಕನ್ನು ಹಿಡಿದಿಡುತ್ತದೆ. ಸಿಮೆಂಟು ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಗಾಡಿ ನಿಲ್ಲಿಸುವ ಕೆಲಸವೆಲ್ಲ ಮುಂದಿನ ಡಿಸ್ಕ್‌ಗಳ ಪಾಲಿಗೆ. ಮುಂದಿನ ಪ್ಯಾಡ್ ಬೇಗ ಸವೆಯುವುದರ ಗುಟ್ಟು ಇದೇ ಎಂದು ನನ್ನ ಲೆಕ್ಕ.

ಇದಕ್ಕೆ ಕೆಲವರು ಮಾಡುವ ನಾಟಿ ಮದ್ದು, ಸರಳನ್ನು ತಂತಿಯಲ್ಲಿ ಮೇಲಕ್ಕೆ ಕಟ್ಟಿಬಿಡುವುದು. ಲೋಡಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ನಿಜ. ಖಾಲಿ ಗಾಡಿಯಲ್ಲಿ ಮಳೆಯ ದಿನ ಕೊಟ್ಟಿಗೆಹಾರದ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಸರಿಯಾದ ದಾರಿ ಹೆಚ್ಚಿನ ಪಾಟಾ ತೆಗೆಸುವುದು, ಆರ್‌ಸಿಯಲ್ಲಿ ಬರೆದಷ್ಟೇ ಹೇರುವುದು. ತೆಗೆಸಿದ ಮೇಲೆ ಸರ್ವಿಸ್ ಪುಸ್ತಕದ ಅಳತೆಯಂತೆ ವಾಲ್ವ್ ಸರಳು ಹೊಂದಿಸಿದೆಯೇ, ಅದರ ಕೀಲು ತುಕ್ಕು ಹಿಡಿದು ಕಚ್ಚಿಕೊಂಡಿಲ್ಲವೇ ಎಂದು ನೋಡಿಸಿ. ಇಷ್ಟು ವರ್ಷ ಕೆಸರಿನಲ್ಲಿ ಓಡಿದ ಗಾಡಿಯಲ್ಲಿ ಅದು ಆಡದೆ ನಿಂತಿದ್ದರೂ ಆಶ್ಚರ್ಯವಿಲ್ಲ. ಪಾಟಾವನ್ನು ಆಕ್ಸಲ್‌ಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿದ ಮೇಲೆ ಒಂದೆರಡು ಲೋಡ್ ಓಡಿಸಿ ಇನ್ನೊಮ್ಮೆ ಬಿಗಿಯಿರಿ, ಪಾಟಾ ಕೂತುಕೊಂಡಾಗ ಅವು ಸಡಿಲಾಗುತ್ತವೆ.

ಈ ವಾಲ್ವ್ ಇರುವ ಗಾಡಿಯಲ್ಲಿ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗಲೂ ಎಚ್ಚರ ಬೇಕು. ಚಾಸಿಯನ್ನು ಎತ್ತಿ ಆಕ್ಸಲ್ ನೇತಾಡುತ್ತಿದ್ದರೆ ವಾಲ್ವ್ ಹಿಂದಿನ ದಾರಿಯನ್ನು ಕಟ್ಟಿಬಿಡುತ್ತದೆ. ಎಷ್ಟು ಪಂಪ್ ಮಾಡಿದರೂ ಆಯಿಲ್ ಸರಿಯಾಗಿ ಬರುವುದಿಲ್ಲ, ಏರ್ ಉಳಿಯುತ್ತದೆ, ಪೆಡಲ್ ಮೆತ್ತಗೇ ಇರುತ್ತದೆ. ಸ್ಟ್ಯಾಂಡ್ ಆಕ್ಸಲ್ ಕೆಳಗೇ ಇರಲಿ ಎಂದದ್ದು ಇದಕ್ಕೂ ಸೇರಿಯೇ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಹತ್ತಿರಕ್ಕೆ ಇಳಿಯಬಹುದು. ಡಾಟ್ 3 ಆದರೆ 205ರಿಂದ 140ಕ್ಕೆ. ಮಲೆನಾಡಿನ ತೇವ, ಘಾಟಿಯ ಬಿಸಿ ಎರಡೂ ನಿಮ್ಮಲ್ಲಿವೆ. ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಸಿಲಿಂಡರ್ ರಬ್ಬರ್‌ಗಳಿಗೆ ಡೀಸೆಲ್, ಪೆಟ್ರೋಲ್, ಗ್ರೀಸ್ ಯಾವುದೂ ತಾಗದಿರಲಿ, ಊದಿಕೊಂಡು ಕಚ್ಚಿಕೊಳ್ಳುತ್ತವೆ.

ಹಾಗಾದರೆ ಆಕ್ಸಲ್ ಬದಲಿಸುವುದು ಯಾವಾಗ? ಡಿಫರೆನ್ಷಿಯಲ್ ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿದ್ದರೆ ಅದು ಸಹಜ. ಅಕ್ಕಿ ನುಚ್ಚಿನಂಥ ಚೂರು ಸಿಕ್ಕರೆ ಕ್ರೌನ್, ಪಿನಿಯನ್ ಬಿಚ್ಚಲೇಬೇಕು. ಓವರ್‌ಲೋಡಿನಿಂದ ಹೌಸಿಂಗ್ ಬಾಗಿರುವುದು ಇನ್ನೊಂದು ಸಾಧ್ಯತೆ. ಹಿಂದಿನ ಟೈರುಗಳು ಒಳ ಅಂಚಿನಲ್ಲಿ ಮಾತ್ರ ಸವೆಯುತ್ತಿವೆಯೇ ನೋಡಿ. ಹಾಗಿದ್ದರೆ ನಾಲ್ಕೂ ಚಕ್ರ ಅಳೆಯುವ ಅಲೈನ್‌ಮೆಂಟ್ ಯಂತ್ರದಲ್ಲಿ ಹಿಂದಿನ ಚಕ್ರಗಳ ಅಳತೆ ತೆಗೆಸಿ, ಆ ಕಾಗದ ಇಟ್ಟುಕೊಳ್ಳಿ. ಬೇರಿಂಗ್ ಕೂರುವ ಹೌಸಿಂಗ್ ತುದಿ ಸವೆದು ಹೊರ ಬಳೆ ಒಳಗೇ ತಿರುಗುತ್ತಿದ್ದರೂ ಹೌಸಿಂಗ್ ಹೋದ ಹಾಗೆಯೇ. ಅದಕ್ಕೆ ಚುಕ್ಕಿ ಹೊಡೆದು ಬಿಗಿ ಮಾಡುವ ಉಪಾಯ ಬಾಳುವುದಿಲ್ಲ. ಈ ಮೂರರಲ್ಲಿ ಒಂದನ್ನು ಮೆಕ್ಯಾನಿಕ್ ನಿಮಗೆ ಕಣ್ಣಾರೆ ತೋರಿಸಿದರೆ ಅವರ ಮಾತು ಕೇಳಿ. ತೋರಿಸದಿದ್ದರೆ ಬಲಗಡೆ ಬೇರಿಂಗ್, ಕಾಲರ್, ಸೀಲ್, ಎರಡೂ ಕಡೆ ಶೂ, ಬ್ರೀದರ್, ಇಷ್ಟಕ್ಕೆ ಎಸ್ಟಿಮೇಟ್ ಕೇಳಿ. ಎಡಗಡೆ ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿದ್ದರೆ ಮುಟ್ಟಬೇಡಿ.

ಕೆಲಸ ಮುಗಿದ ಮೇಲೆ ಒಂದು ವಾರ, ಪ್ರತಿ ಓಡಾಟದ ಕೊನೆಗೆ ಎರಡೂ ಹಿಂದಿನ ಚಕ್ರದ ನಡುಭಾಗಕ್ಕೆ ಮುಟ್ಟದೆ ಅಂಗೈ ಹತ್ತಿರ ಹಿಡಿದು ಶಾಖ ಹೋಲಿಸಿ ನೋಡಿ. ಒಂದೇ ಕಡೆ ಕಾದಿದ್ದರೆ ಆ ಬದಿಯ ಶೂ, ಸಿಲಿಂಡರ್ ಇಲ್ಲವೇ ಹ್ಯಾಂಡ್ ಬ್ರೇಕ್ ಕೇಬಲ್ ಹಿಡಿದುಕೊಂಡಿದೆ. ಎರಡೂ ಸಮನಾಗಿ ಸುಡುತ್ತಿದ್ದರೆ ಚಾಸಿಯಿಂದ ಆಕ್ಸಲ್‌ಗೆ ಇಳಿಯುವ ರಬ್ಬರ್ ಹೋಸ್ ನೋಡಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿದ್ದರೆ ಅದು ಒತ್ತಡವನ್ನು ಒಳಬಿಟ್ಟು ವಾಪಸ್ ಬಿಡುವುದಿಲ್ಲ.